ಗುಡಿಗಿಷ್ಟು ಬೇಡ, ಹೊತ್ತಿಗಿಷ್ಟು ಕೊಡಿ

ಅರಸೀಕೆರೆಯಲ್ಲಿ ಮನೆ ಮಾಡಿಕೊಂಡವರಿಗೆ ಒಂದು ಕಾಯಂ ಖರ್ಚಿದೆ. ಬೆಂಗಳೂರಿನಿಂದಲೋ ಹುಬ್ಬಳ್ಳಿ ಕಡೆಯಿಂದಲೋ ರೈಲಿನಲ್ಲಿ ಬಂದಿಳಿಯುವ ನೆಂಟರು ಕಾಫಿ ಲೋಟ ಕೆಳಗಿಡುವ ಮೊದಲೇ ‘ಬೇಲೂರು ಹಳೇಬೀಡು ಇಲ್ಲೇ ಹತ್ತಿರ ಅಲ್ವಾ?’ ಅನ್ನುತ್ತಾರೆ. ಹತ್ತಿರವೇ. ಜಾವಗಲ್ ಮೇಲೆ ಹೋದರೆ ಹಳೇಬೀಡು, ಅಲ್ಲಿಂದ ಹದಿನಾರು ಕಿಲೋಮೀಟರಿಗೆ ಬೇಲೂರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇಗುಲಗಳು ಯುನೆಸ್ಕೊ ವಿಶ್ವ ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿದ ಮೇಲಂತೂ ಈ ಪ್ರಶ್ನೆ ಬಾರದ ರಜೆಯೇ ಇಲ್ಲ.

ಆ ಒಂದು ದಿನದ ಖರ್ಚಿನ ಚೀಟಿ ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ಹೀಗಿರುತ್ತದೆ. ಏಳು ಜನ ಕೂರುವ ಬಾಡಿಗೆ ಗಾಡಿ ಮತ್ತು ಡ್ರೈವರ್ ಬಾಟಾ ಸೇರಿ ನಾಲ್ಕೂವರೆ ಸಾವಿರದ ಆಸುಪಾಸು. ತಿಂಡಿ, ಊಟ, ಸಂಜೆಯ ಕಾಫಿ, ಎಳನೀರು ಎಂದು ಎರಡು ಸಾವಿರ. ಪಾರ್ಕಿಂಗು, ಚಪ್ಪಲಿ ಕಾಯುವವರು, ಮಕ್ಕಳ ಐಸ್‌ಕ್ರೀಮು ಅಂತ ಚಿಲ್ಲರೆ. ಅಂಗಡಿಯಲ್ಲಿ ಯಾರಾದರೂ ಬಳಪದ ಕಲ್ಲಿನ ಗಣಪತಿ ಕೊಂಡರೆ ಅದು ಬೇರೆ. ಕೊನೆಯ ಸಾಲು ಗೈಡ್, ಐನೂರು. ಇಡೀ ಚೀಟಿಯಲ್ಲಿ ಚೌಕಾಸಿ ನಡೆಯುವುದು ಈ ಕೊನೆಯ ಸಾಲಿನಲ್ಲಿ ಮಾತ್ರ. ಹೋಟೆಲಿನ ಬಿಲ್ಲಿಗೆ ತುಟಿ ಪಿಟಕ್ಕೆನ್ನದೆ ದುಡ್ಡು ಎಣಿಸಿದವರೇ ‘ಒಂದು ಗಂಟೆಗೆ ಐನೂರಾ? ಮುನ್ನೂರಕ್ಕೆ ಬರ್ತೀರಾ?’ ಎಂದು ಗೋಪುರದ ಕೆಳಗೆ ನಿಂತು ಕೇಳುತ್ತಾರೆ.

ಮುನ್ನೂರಕ್ಕೆ ಬರುವವರೂ ಸಿಗುತ್ತಾರೆ. ಆದರೆ ಎಷ್ಟು ಎನ್ನುವುದಕ್ಕಿಂತ ಯಾವುದಕ್ಕೆ ಎನ್ನುವುದು ಇಲ್ಲಿ ದೊಡ್ಡ ಪ್ರಶ್ನೆ. ನಾವು ಗೈಡ್‌ಗೆ ಕೊಡುವುದು ಗುಡಿಯ ಲೆಕ್ಕದಲ್ಲಿ, ಒಂದು ದೇವಸ್ಥಾನಕ್ಕೆ ಇಷ್ಟು ಎಂದು. ನಮ್ಮ ಕಡೆಯ ತೆಂಗಿನ ತೋಟದವರಿಗೆ ಇದರ ಫಲ ಗೊತ್ತು. ಮರಕ್ಕಿಷ್ಟು ಅಂದರೆ ಕಾಯಿ ಕೀಳುವವನು ಸರಸರ ಹತ್ತಿ ಇಳಿದು ಮುಂದಿನ ಮರಕ್ಕೆ ಹೋಗುತ್ತಾನೆ. ಸುಳಿ ಬಿಡಿಸಿ ಹುಳು ಬಿದ್ದಿದೆಯಾ ನೋಡಬೇಕಾದರೆ ದಿನಗೂಲಿಯ ಮಾತೇ ಆಡಬೇಕು. ಗುಡಿಗಿಷ್ಟು ಎಂದಾಗ ಬೇಗ ಮುಗಿಸುವುದರಲ್ಲೇ ಗೈಡ್‌ಗೆ ಲಾಭ. ಅದು ಅವರ ದುರಾಸೆಯಲ್ಲ, ನಾವು ಹಾಕಿಕೊಟ್ಟ ಲೆಕ್ಕ.

ಆ ಲೆಕ್ಕದಲ್ಲಿ ಬೇಲೂರು ಹೇಗೆ ಮುಗಿಯುತ್ತದೆ ಎಂಬುದು ಒಮ್ಮೆ ಹೋದವರಿಗೆಲ್ಲ ಗೊತ್ತು. ದರ್ಪಣಸುಂದರಿ, ಶುಕಭಾಷಿಣಿ, ಒಳಗೆ ಒಂದು ಕಾಲದಲ್ಲಿ ತಿರುಗುತ್ತಿತ್ತು ಎನ್ನುವ ನರಸಿಂಹ ಕಂಬ, ಅಂಗಳದಲ್ಲಿ ಅಡಿಪಾಯವಿಲ್ಲದೆ ನಿಂತ ಸುಮಾರು 42 ಅಡಿಯ ದೀಪಸ್ತಂಭ, ಅದರ ಬುಡದಲ್ಲಿ ತೂರಿಸಿ ತೋರಿಸುವ ಕಾಗದ. ಕಡೆಗೆ ಕಪ್ಪೆ ಚೆನ್ನಿಗರಾಯನ ಮುಂದೆ ಜಕಣಾಚಾರಿ, ಅವನ ಮಗ ಡಂಕಣಾಚಾರಿ, ಕಲ್ಲೊಳಗಿನ ಕಪ್ಪೆ. ಚಪ್ಪಾಳೆ, ಫೋಟೊ, ಮುಗಿಯಿತು. ಕತೆ ಚೆನ್ನಾಗಿದೆ; ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ.

ಜಕಣಾಚಾರಿಯ ಹೆಸರು ಆ ಕಲ್ಲುಗಳ ಮೇಲೆ ಎಲ್ಲೂ ಇಲ್ಲ. ಇರುವ ಹೆಸರುಗಳು ಬೇರೆ. ಬಳ್ಳಿಗಾವಿಯಿಂದ ಬಂದ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ಮದನಿಕೆಯರ ಕೆಳಗೆ ಹೆಸರನ್ನೂ ಬಿರುದುಗಳನ್ನೂ ಕೊರೆದುಕೊಂಡಿದ್ದಾರೆ. ಎದುರಾಳಿ ಶಿಲ್ಪಿಗಳನ್ನು ಮಟ್ಟಹಾಕಿದವನು ಎಂಬ ಅರ್ಥದ ಜಂಬದ ಬಿರುದುಗಳೂ ಅವುಗಳಲ್ಲಿವೆ. ಒಂಬೈನೂರು ವರ್ಷಗಳ ಹಿಂದೆಯೇ ಕಸುಬುದಾರ ತನ್ನ ಕೆಲಸಕ್ಕೆ ಸಹಿ ಹಾಕಿ ಬೆಲೆ ಏರಿಸಿಕೊಳ್ಳುತ್ತಿದ್ದ ಜಾಗ ಇದು. ದಾಸೋಜನ ಬಗ್ಗೆ ಬೇಲೂರಿನ ಹಿರಿಯ ಗೈಡ್ ಒಬ್ಬರನ್ನು ಕೇಳಿದೆ. ‘ಗೊತ್ತು ಸಾರ್, ತೋರಿಸ್ತೀನಿ ಬನ್ನಿ. ಕೇಳೋರಿದ್ರೆ ತಾನೆ ಹೇಳೋದು’ ಅಂದರು. ಕರೆದುಕೊಂಡು ಹೋಗಿ ಅಕ್ಷರಗಳನ್ನು ಬೆರಳಿಟ್ಟು ತೋರಿಸಿದರು. ಅವರ ತಲೆಯಲ್ಲಿ ಇದ್ದದ್ದು ನಲವತ್ತು ನಿಮಿಷದ ಸುತ್ತಿಗಿಂತ ಬಹಳ ಹೆಚ್ಚು. ಕೊಳ್ಳುವವರಿಲ್ಲದ್ದರಿಂದ ಅದು ಹೊರಬರುತ್ತಿರಲಿಲ್ಲ, ಅಷ್ಟೆ.

ಗೈಡ್ ಹೇಳುವ ದರದೊಳಗೆ ಏನೇನು ಸೇರಿದೆ ಎಂಬುದನ್ನೂ ನೋಡಬೇಕು. ಅಲ್ಲಿ ಸಂಬಳವಿಲ್ಲ, ಸುತ್ತು ಸಿಕ್ಕಿದರೆ ದುಡ್ಡು. ಡಿಸೆಂಬರಿನ ಶಾಲಾ ಪ್ರವಾಸದ ದಿನಗಳಲ್ಲಿ, ಉದ್ದ ರಜೆಯ ಶನಿವಾರ ಭಾನುವಾರಗಳಲ್ಲಿ ಗಂಟಲು ಒಣಗುವಷ್ಟು ಕೆಲಸ. ಆಷಾಢದ ಮಳೆ ಹಿಡಿದ ಮಂಗಳವಾರ ಬೆಳಿಗ್ಗೆಯಿಂದ ಮೆಟ್ಟಿಲ ಮೇಲೆ ಕೂತು ಬರಿಗೈಯಲ್ಲಿ ಮನೆಗೆ. ಕೊರೊನಾ ಬಂದ 2020ರ ಮಾರ್ಚಿನಲ್ಲಿ ಸ್ಮಾರಕಗಳ ಬಾಗಿಲು ಹಾಕಿದಾಗ ತಿಂಗಳುಗಟ್ಟಲೆ ಏನೂ ಇಲ್ಲ. ನಾವು ಒಂದು ಗಂಟೆಗೆಂದು ಕೊಡುವ ಐನೂರರಲ್ಲಿ ಆ ಕಾದ ಗಂಟೆಗಳ ಪಾಲೂ ಇದೆ. ಇದು ಅರ್ಥವಾದರೆ ಚೌಕಾಸಿಯ ದಾರಿಯೂ ಬದಲಾಗುತ್ತದೆ. ಗೈಡ್‌ಗೆ ಬೇಕಾದದ್ದು ಖಾತ್ರಿ, ನಮಗೆ ಬೇಕಾದದ್ದು ಹೊತ್ತು. ಎರಡನ್ನೂ ಅದಲು ಬದಲು ಮಾಡಿಕೊಳ್ಳಬಹುದು.

ಹಾಗೆ ಮಾಡಿ ನೋಡಿದ್ದು ಹಳೇಬೀಡಿನಲ್ಲಿ, ಮಳೆಗಾಲದ ವಾರದ ನಡುವಿನ ಒಂದು ದಿನ. ನಮ್ಮ ಅತ್ತೆಯ ಮಗಳ ಸಂಸಾರ ಬಂದಿತ್ತು. ಗೇಟಿನ ಬಳಿ ಬಂದ ಗೈಡ್ ದರ ಹೇಳುವ ಮೊದಲೇ ಕೇಳಿದೆ: ‘ಗುಡಿಗೆ ಬೇಡ, ಮಧ್ಯಾಹ್ನ ಊಟದ ಹೊತ್ತಿನ ತನಕ ನಮ್ಮ ಜೊತೆ ಇರೋಕೆ ಎಷ್ಟು ಹೇಳಿ.’ ಅವರು ಒಂದು ಕ್ಷಣ ಮುಖ ನೋಡಿದರು. ‘ಹಂಗೆ ಯಾರೂ ಕೇಳಲ್ಲ ಸಾರ್. ಎಲ್ರೂ ಎಷ್ಟು ಬೇಗ ಮುಗಿಸ್ತೀರಾ ಅಂತಾರೆ.’ ಆಮೇಲೆ ಮನಸ್ಸಿನಲ್ಲೇ ಕೂಡಿ ಕಳೆದು, ಮೂರು ಸುತ್ತಿನ ದುಡ್ಡು ಕೊಡಿ, ಸಾವಿರದ ಐನೂರು ಎಂದರು. ಶನಿವಾರವಾಗಿದ್ದರೆ ಇಷ್ಟಕ್ಕೆ ಬರುತ್ತಿರಲಿಲ್ಲ ಎಂದೂ ಬಾಯಿ ಬಿಟ್ಟು ಹೇಳಿದರು. ನ್ಯಾಯವಾದ ಮಾತು. ನಾನು ಇಳಿಸಲು ಹೋಗಲಿಲ್ಲ.

ಅಲ್ಲಿಂದ ನಡೆದದ್ದು ಗುಡಿ ನೋಡುವ ಕೆಲಸವಾಗಿರಲಿಲ್ಲ, ಒಂದು ಮಹಾನಗರದ ಕಾಲ್ನಡಿಗೆ. ಹಳೇಬೀಡು ಅಂದರೆ ದೋರಸಮುದ್ರ, ಹೊಯ್ಸಳರ ರಾಜಧಾನಿ. ಕೋಟೆ, ಕೆರೆ, ಅರಮನೆ, ಪೇಟೆ, ಬಸದಿಗಳಿದ್ದ ಊರು. 1311ರಲ್ಲಿ ಮಲಿಕ್ ಕಾಫೂರನ ದಾಳಿ, ಆಮೇಲೆ ತುಘಲಕ್ ಸೈನ್ಯದ ದಾಳಿ. ಊರು ಪಾಳು ಬಿತ್ತು. ಉಳಿದದ್ದರಲ್ಲಿ ನಾವು ನೋಡಿ ಹೊರಡುವುದು ಒಂದೇ ಆವರಣ. ಬಸ್ಸಿನವರು ಕೊಡುವ ಹೊತ್ತೂ ಅಷ್ಟೇ.

ಹೊಯ್ಸಳೇಶ್ವರ ಗುಡಿಯನ್ನು 1121ರ ಹೊತ್ತಿಗೆ ಕಟ್ಟಿಸಿದವನು ವಿಷ್ಣುವರ್ಧನನ ಅಧಿಕಾರಿ ಕೇತಮಲ್ಲ. ಹೊಯ್ಸಳೇಶ್ವರ, ಶಾಂತಲೇಶ್ವರ ಎಂದು ಜೋಡಿ ಗರ್ಭಗುಡಿ, ಎದುರಿಗೆ ಜೋಡಿ ನಂದಿ. ಗಜಾಸುರಸಂಹಾರ, ಕೈಲಾಸ ಎತ್ತುವ ರಾವಣ, ಚಕ್ರವ್ಯೂಹ ಎಲ್ಲರಿಗೂ ತೋರಿಸುವಂಥವೇ. ನಮ್ಮ ಗೈಡ್ ಅವುಗಳನ್ನು ತೋರಿಸಿ, ಹೊರಗಿನ ಗರುಡಗಂಬದ ಮುಂದೆ ನಿಲ್ಲಿಸಿದರು. ಇಮ್ಮಡಿ ವೀರಬಲ್ಲಾಳ ತೀರಿಕೊಂಡಾಗ ಅವನ ಆಪ್ತ ದಂಡನಾಯಕ ಕುವರ ಲಕ್ಷ್ಮ, ಹೆಂಡತಿ ಮತ್ತು ತನ್ನ ಪಡೆಯವರೊಂದಿಗೆ ಪ್ರಾಣ ಕೊಟ್ಟ ಕತೆ ಅದರ ಶಾಸನದಲ್ಲಿದೆ. ಕಂಬದ ಸುತ್ತ ತಮ್ಮ ತಲೆ ತಾವೇ ಕಡಿದುಕೊಳ್ಳುವ ವೀರರ ಉಬ್ಬುಚಿತ್ರಗಳು. ಒಡೆಯನ ಜೊತೆಗೇ ಸಾಯುವೆನೆಂದು ಮಾತು ಕೊಟ್ಟವರು ‘ಗರುಡ’ರು. ಎಷ್ಟೋ ಸಲ ಆ ಕಂಬದ ಪಕ್ಕದಲ್ಲೇ ಹಾದುಹೋಗಿದ್ದ ನಮ್ಮವರು ಅಂದು ಕದಲಲಿಲ್ಲ.

ಪುರಾತತ್ವ ಇಲಾಖೆಯ ಸಂಗ್ರಹಾಲಯ ಆವರಣದಲ್ಲೇ ಇದೆ. ಶುಕ್ರವಾರ ರಜೆ ಎಂಬುದು ನೆನಪಿರಲಿ. ಅಲ್ಲಿಂದ ನಡೆದೇ ಬಸ್ತಿಹಳ್ಳಿಗೆ ಹೋದೆವು. ಅಲ್ಲಿ ಪಾರ್ಶ್ವನಾಥ, ಆದಿನಾಥ, ಶಾಂತಿನಾಥರ ಬಸದಿಗಳಿವೆ. ತಲಕಾಡು ಗೆದ್ದುಕೊಟ್ಟ ದಂಡನಾಯಕ ಗಂಗರಾಜನ ನೆನಪಿಗೆ ಅವನ ಮಗ ಬೊಪ್ಪದೇವ 1133ರಲ್ಲಿ ಪಾರ್ಶ್ವನಾಥ ಬಸದಿ ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ವಿಷ್ಣುವರ್ಧನನ ಕೈ ಸೇರುವ ಹೊತ್ತಿಗೆ ಅವನಿಗೆ ಯುದ್ಧದಲ್ಲಿ ಗೆಲುವೂ ಸಿಕ್ಕಿತ್ತು, ಮಗನೂ ಹುಟ್ಟಿದ್ದ. ಅದಕ್ಕೇ ದೇವರಿಗೆ ವಿಜಯಪಾರ್ಶ್ವ ಎಂದು, ಮಗನಿಗೆ ವಿಜಯ ನರಸಿಂಹ ಎಂದು ಹೆಸರು. ಒಳಗಿನ ಕಂಬಗಳು ಮುಖ ಕಾಣುವಷ್ಟು ನುಣುಪು. ಮುಂದೆ ಸ್ವಲ್ಪ ದೂರಕ್ಕೆ 1219ರ ಕೇದಾರೇಶ್ವರ, ವೀರಬಲ್ಲಾಳ ಮತ್ತು ರಾಣಿ ಕೇತಲದೇವಿ ಕಟ್ಟಿಸಿದ್ದು. ಅಲ್ಲಿ ನಾವಲ್ಲದೆ ಯಾರೂ ಇರಲಿಲ್ಲ. ಆಮೇಲೆ ಕೆರೆ ಏರಿ, ಕೋಟೆ ಗೋಡೆಯ ಕಲ್ಲುಗಳು, ಅರಮನೆ ಇದ್ದ ಜಾಗವೆನ್ನುವ ಬೆಣ್ಣೆಗುಡ್ಡ. ‘ಇದು ಬಾಗಿಲು, ಇದು ಪೇಟೆ ಬೀದಿಯ ಕಡೆ’ ಎಂದು ಗೈಡ್ ಕೈ ತೋರಿಸುತ್ತ ಹೋದಂತೆ ಹೊಲದ ನಡುವೆ ಊರಿನ ಅಳತೆ ಸಿಕ್ಕತೊಡಗಿತು. ಒಂದು ಗುಡಿಯ ಅಂಗಳದಲ್ಲಿ ಎಷ್ಟು ಹೊತ್ತು ನಿಂತರೂ ಅದು ಸಿಗುವುದಿಲ್ಲ.

ಆ ಸಾವಿರದ ಐನೂರನ್ನು ಏಳು ಜನಕ್ಕೆ ಹಂಚಿದರೆ ತಲೆಗೆ ಇನ್ನೂರ ಹದಿನೈದು ರೂಪಾಯಿಗಿಂತ ಕಡಿಮೆ. ಅಂದಿನ ಊಟ, ಕಾಫಿಗೆ ತಲಾ ಅದಕ್ಕಿಂತ ಹೆಚ್ಚೇ ಬಿದ್ದಿತ್ತು.

ಹೊತ್ತಿನ ಲೆಕ್ಕ ಹೊಸ ಆವಿಷ್ಕಾರವೇನಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಪರವಾನಗಿ ಪಡೆದ ಗೈಡ್‌ಗಳ ದರಪಟ್ಟಿ ಅರ್ಧ ದಿನ, ಪೂರ್ತಿ ದಿನ ಎಂದೇ ಇದೆ. ಐದು ಜನರ ತನಕ ಒಂದು ದರ, ಹದಿನಾಲ್ಕರ ತನಕ ಇನ್ನೊಂದು, ಅದಕ್ಕೂ ದೊಡ್ಡ ಗುಂಪಿಗೆ ಮತ್ತೊಂದು. ಯುರೋಪಿನ ದೊಡ್ಡ ಊರುಗಳಲ್ಲಿ ‘ಉಚಿತ’ ಕಾಲ್ನಡಿಗೆ ಪ್ರವಾಸಗಳೆಂದು ಇವೆ. ಟಿಕೆಟ್ ಇಲ್ಲ, ಕೊನೆಯಲ್ಲಿ ಮನಸ್ಸಿಗೆ ಬಂದಷ್ಟು ಭಕ್ಷೀಸು. ಎಷ್ಟೋ ಕಡೆ ಗೈಡ್‌ಗಳೇ ಬಂದ ತಲೆಯ ಲೆಕ್ಕದಲ್ಲಿ ಕಂಪನಿಗೆ ದುಡ್ಡು ಕಟ್ಟಬೇಕು. ಅಲ್ಲಿ ಭಕ್ಷೀಸೇ ಕೂಲಿ. ಏನೂ ಕೊಡದೆ ಬಂದರೆ ಅವರ ಜೇಬಿನಿಂದಲೇ ತೆಗೆದಂತೆ. ಹೊರದೇಶದಲ್ಲಿರುವ ಮಕ್ಕಳನ್ನು ನೋಡಲು ಹೋಗುವ ಅಪ್ಪ ಅಮ್ಮಂದಿರು ಇದನ್ನು ತಿಳಿದಿರುವುದು ಒಳ್ಳೆಯದು.

ಇನ್ನು ಮಾತು ಕುದುರಿಸುವ ಬಗೆ. ಮೊದಲು ಗುರುತಿನ ಚೀಟಿ ನೋಡಿ, ದರದ ಫಲಕವಿದ್ದರೆ ಓದಿ. ಎಷ್ಟು ಗಂಟೆ, ಯಾವ ಯಾವ ಜಾಗ, ಯಾವ ಭಾಷೆ ಎಂದು ಹೊರಡುವ ಮೊದಲೇ ಬಾಯಿ ಬಿಟ್ಟು ಹೇಳಿಕೊಳ್ಳಿ. ‘ಅಂಗಡಿ ಬೇಡ’ ಎಂಬುದನ್ನೂ ಆಗಲೇ ಹೇಳಿಬಿಡಿ. ಅಂಗಡಿಯಿಂದ ಕಮಿಷನ್ ಬರುವ ಕಡೆ ನೀವು ಕೊಂಡ ಹೊತ್ತು ಅಲ್ಲೇ ಕರಗುತ್ತದೆ. ದುಡ್ಡನ್ನು ಡ್ರೈವರ್ ಕೈಗೆ ಕೊಡದೆ ಗೈಡ್ ಕೈಗೇ ಕೊಡಿ. ಡ್ರೈವರ್‌ಗೆ ಹೆಚ್ಚಿಗೆ ಕೊಡುವ ಮನಸ್ಸಿದ್ದರೆ ಬೇರೆಯಾಗಿ ಕೊಡಿ. ನೀವು ಇಬ್ಬರೇ ಇದ್ದು ಸಾವಿರದ ಐನೂರು ಭಾರವೆನಿಸಿದರೆ ಗೇಟಿನಲ್ಲಿ ನಿಂತ ಇನ್ನೊಂದು ಕುಟುಂಬವನ್ನು ಜೊತೆ ಸೇರಿಸಿಕೊಳ್ಳಿ. ಆದರೆ ಗೈಡ್‌ಗೆ ಮೊದಲೇ ತಿಳಿಸಿ. ಗರ್ಭಗುಡಿಯ ಮುಂದಿನ ನವರಂಗ, ಮೇಲೆ ಚಾವಣಿಯಲ್ಲಿ ಕೆತ್ತಿದ ಭುವನೇಶ್ವರಿ ನೋಡಲು ಒಂದು ಒಳ್ಳೆಯ ಟಾರ್ಚು ನಿಮ್ಮದೇ ಇರಲಿ. ದಿನ ನಿಮ್ಮ ಕೈಯಲ್ಲಿದ್ದರೆ ವಾರದ ನಡುವೆ ಹೋಗಿ. ಅದೇ ದುಡ್ಡಿಗೆ ಹೆಚ್ಚು ಹೊತ್ತು ಸಿಗುತ್ತದೆ, ಗೈಡ್‌ಗೂ ಖಾಲಿ ದಿನ ತುಂಬುತ್ತದೆ.

ನಮ್ಮ ಅರಸೀಕೆರೆಯ ಈಶ್ವರ ದೇವಸ್ಥಾನದ ಬಾಗಿಲಲ್ಲಿ ಗೈಡ್‌ಗಳು ಕಾಯುವುದಿಲ್ಲ, ಬಸ್ಸುಗಳೂ ನಿಲ್ಲುವುದಿಲ್ಲ. 1220ರ ಗುಡಿ. ಬೇಲೂರು ಹಳೇಬೀಡಿನ ದೊಡ್ಡ ಗುಡಿಗಳಲ್ಲಿ ಕಾಣದ ಶಿಖರ ಇಲ್ಲಿ ಉಳಿದಿದೆ. ಮುಂದೆ ನಕ್ಷತ್ರದಾಕಾರದ ತೆರೆದ ಮಂಟಪ, ಒಳಗಿನಿಂದ ಮೇಲೆ ನೋಡಿದರೆ ಗುಮ್ಮಟದಂಥ ಮಾಳಿಗೆ. ಎಂಟು ಕಿಲೋಮೀಟರು ದೂರದ ಹಾರನಹಳ್ಳಿಯಲ್ಲಿ ಸೋಮೇಶ್ವರ, ಚೆನ್ನಕೇಶವ ಗುಡಿಗಳು. ಖರ್ಚಿಲ್ಲ ಎಂದು ನೆಂಟರು ಖುಷಿಪಡುತ್ತಾರೆ, ಹತ್ತು ನಿಮಿಷದಲ್ಲಿ ನೋಡಿ ಮುಗಿಸಿ ವಾಪಸು ಬರುತ್ತಾರೆ. ಹೇಳುವವರಿಲ್ಲದ ಕಡೆ ಹೊತ್ತು ಎಷ್ಟಿದ್ದರೂ ಕಣ್ಣಿಗೆ ಕೆಲಸವಿಲ್ಲ. ಅದಕ್ಕೇ ಈಗೀಗ ಹಳೇಬೀಡಿನಲ್ಲಿ ಪರಿಚಯವಾದ ಗೈಡ್‌ಗೆ ಫೋನ್ ಮಾಡಿ, ಹಿಂದಿನ ದಿನವೇ ಮಾತಾಡಿ, ನಮ್ಮೂರಿಗೂ ಕರೆಸಿಕೊಳ್ಳುತ್ತೇನೆ. ಅರ್ಧ ದಿನದ ದರ, ಬಸ್ ಚಾರ್ಜು, ನಮ್ಮ ಮನೆಯಲ್ಲಿ ಊಟ. ಅವರು ಬಾರದ ದಿನಕ್ಕೆ ಆರ್. ನರಸಿಂಹಾಚಾರ್ಯರು ಮೈಸೂರು ಪುರಾತತ್ವ ಇಲಾಖೆಯಲ್ಲಿದ್ದಾಗ ಹೊಯ್ಸಳ ಗುಡಿಗಳ ಮೇಲೆ ಬರೆದ ಕಿರುಪುಸ್ತಕಗಳಿವೆ. ಬೇಲೂರಿನದು 1919ರಲ್ಲೇ ಬಂದದ್ದು, ನೂರು ವರ್ಷ ದಾಟಿದರೂ ಹಳಸಿಲ್ಲ.

ಹೀಗಾಗಿ ನಮ್ಮ ಮನೆಯ ಚೀಟಿ ಈಗ ತಿರುವುಮುರುವಾಗಿದೆ. ಮೊದಲ ಸಾಲಿಗೆ ಗೈಡ್‌ನ ಹೊತ್ತು, ಆಮೇಲೆ ಗಾಡಿ, ಉಳಿದರೆ ಬೇರೆಯದು. ಒಟ್ಟು ಮೊತ್ತ ಮಾತ್ರ ಹಿಂದಿನದಕ್ಕಿಂತ ಹೆಚ್ಚಿಲ್ಲ, ಏಕೆಂದರೆ ಏಳು ಜನ ಹೋಟೆಲಿನಲ್ಲಿ ಉಣ್ಣುವ ದುಡ್ಡಿಗೆ ಗೈಡ್ ಒಬ್ಬರು ಅರ್ಧ ದಿನ ಸಿಗುತ್ತಾರೆ. ಚಿತ್ರಾನ್ನ, ಮೊಸರನ್ನ ಮನೆಯಿಂದಲೇ ಕಟ್ಟಿಕೊಂಡು ಹೋಗಿ. ಗೈಡ್‌ಗೂ ಸೇರಿಸಿ ಕಟ್ಟಿ.