ತೊಟ್ಟು, ದಂಟು, ಕಾವು: ಇವುಗಳ ಶಾಸ್ತ್ರೀಯ ನಾಮಗಳು

ಬದನೆಕಾಯಿಯ ಎಣಗಾಯಿ ಮಾಡಬಲ್ಲ ಬಾಲಿಕೆಯು ಕಾಯಿಯನ್ನು ನಾಲ್ಕಾಗಿ ಸೀಳುವಾಗ ತೊಟ್ಟನ್ನು ಕಡಿಯದೆ ಉಳಿಸುತ್ತಾಳೆ. ತೊಟ್ಟು ಹೋದರೆ ಹೋಳುಗಳು ಬೇರೆಯಾಗುವುವೆಂದು ಅವಳು ಬಲ್ಲಳು. ಆದರೆ ಅವಳು ತೊಟ್ಟೆಂದು ಕರೆಯುವುದರಲ್ಲಿ ಎರಡು ಅವಯವಗಳು ಕೂಡಿವೆ. ಕಾಯಿಗೆ ಟೊಪ್ಪಿಗೆಯಂತೆ ಅಂಟಿಕೊಂಡಿರುವ ಹಸುರು ಭಾಗವು ಹೂವಿನ ಪುಷ್ಪಪಾತ್ರೆ; ಅದರ ಮೇಲಿನ ಕಡ್ಡಿಯೊಂದೇ ನಿಜವಾದ ತೊಟ್ಟು. ಅಡಿಗೆಗೆ ಈ ಭೇದವು ಬೇಡ, ಸಸ್ಯಶಾಸ್ತ್ರಕ್ಕೆ ಬೇಕು.

ಈ ವಿಷಯದಲ್ಲಿ ನಮ್ಮ ನುಡಿಯು ಬಡವಾದುದಲ್ಲ. ಹಣ್ಣಿಗೆ ತೊಟ್ಟು, ಜೋಳಕ್ಕೆ ದಂಟು, ತಾವರೆಗೆ ನಾಳ, ಕೊಡಲಿಗೆ ಕಾವು. ಜೋಳದ ದಂಟು ಒಣಗಿ ದನದ ಮೇವಾದರೆ ಅದಕ್ಕೆ ಕಣಿಕೆಯೆಂದು ಬೇರೆಯ ಹೆಸರೇ ಉಂಟು. ಬಾಸೆಲ್ ಮಿಶನ್ನಿನ ಕಿಟ್ಟೆಲ್ ಪಂಡಿತರು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟನ್ನು ತೆರೆದು ನೋಡುವ ವಿದ್ಯಾರ್ಥಿನಿಗೆ ಇಂತಹ ಶಬ್ದಗಳು ಹೇರಳವಾಗಿ ದೊರೆಯುವುವು. ಆದರೆ ಎಲೆಗೂ ಹೂವಿಗೂ ಕಾಯಿಗೂ ತೊಟ್ಟು ಎಂಬ ಒಂದೇ ಮಾತನ್ನು ನಾವು ಬಳಸುತ್ತೇವೆ. ಶಾಸ್ತ್ರವು, ಈ ತೊಟ್ಟು ಏನನ್ನು ಹೊತ್ತಿದೆಯೆಂದು ಕೇಳುತ್ತದೆ. ಸ್ವೀಡನ್ ದೇಶದ ಲಿನೇಯಸನು 1751ರಲ್ಲಿ ಪ್ರಕಟಿಸಿದ ತನ್ನ ಸಸ್ಯಶಾಸ್ತ್ರ ಗ್ರಂಥದಲ್ಲಿ ಇವುಗಳನ್ನು ಹೀಗೆಯೇ ವಿಂಗಡಿಸಿದನು. ಎಲೆಯನ್ನು ಹೊರುವುದು ಪೆಟಿಯೋಲ್, ಅಂದರೆ ಪರ್ಣವೃಂತ. ಹೂಗೊಂಚಲನ್ನು ಹೊರುವುದು ಪೆಡಂಕಲ್. ಗೊಂಚಲಿನೊಳಗಿನ ಒಂದೊಂದು ಹೂವನ್ನು ಹೊರುವುದು ಪೆಡಿಸೆಲ್. ಮೂರಕ್ಕೂ ಮೂಲವು ಪಾದವೆಂಬರ್ಥದ ಲ್ಯಾಟಿನ್ ಶಬ್ದವೇ. ಆದುದರಿಂದಲೇ ಬಾಲಿಕೆಯರಿಗೆ ಗೊಂದಲ, ಪರೀಕ್ಷಕರಿಗೆ ಪ್ರೀತಿ! ಬಾಯಿಪಾಠ ಮಾಡುವುದಕ್ಕಿಂತ ಬೇವಿನ ಕೊಂಬೆಯೊಂದನ್ನು ಮುರಿದು ತಂದು ನೋಡುವುದು ಲೇಸು. ತೊಟ್ಟು ಕೊಂಬೆಯನ್ನು ಸೇರುವ ಸಂದಿನಲ್ಲಿ ಮೊಗ್ಗು ಕಂಡರೆ ಅದು ಇಡೀ ಎಲೆಯ ತೊಟ್ಟು. ಬೇವಿನ ಸಣ್ಣ ಸಣ್ಣ ಎಲೆಗಳ ಬುಡದಲ್ಲಿ ಮೊಗ್ಗಿರುವುದಿಲ್ಲ. ಅವು ಒಂದೇ ದೊಡ್ಡ ಎಲೆಯ ಉಪಪತ್ರಗಳು.

ಕಣ್ಣಿಗೆ ತೊಟ್ಟಿನಂತೆ ಕಂಡುದೆಲ್ಲ ತೊಟ್ಟಲ್ಲ. ಇದಕ್ಕೆ ನಮ್ಮ ಇರಕಲ್ಲಗಡದ ಸುತ್ತಿನ ಮಸಾರಿ ಹೊಲಗಳ ಶೇಂಗಾ ಗಿಡಕ್ಕಿಂತ ಉತ್ತಮವಾದ ಪಾಠವಿಲ್ಲ. ಮುಂಜಾನೆ ಅರಳಿದ ಅದರ ಹಳದಿ ಹೂವನ್ನು ಕಿತ್ತು ನೋಡಿರಿ. ಹೂವಿನ ಕೆಳಗೆ ನೂಲಿನಂತಹ ನೀಳವಾದ ಕಡ್ಡಿಯಿದೆ. ಇದನ್ನು ತೋರಿಸಿ ಹೆಸರು ಕೇಳಿದರೆ ತರಗತಿಯೆಲ್ಲವೂ ಪೆಡಿಸೆಲ್ ಎಂದೇ ಹೇಳುವುದು. ಅದು ಪೆಡಿಸೆಲ್ ಅಲ್ಲ. ಹೂವಿನ ಪಾತ್ರೆಯೇ ಕೊಳವೆಯಾಗಿ ಉದ್ದಕ್ಕೆ ಬೆಳೆದುದು. ಸೂಜಿಯಿಂದ ಮೆಲ್ಲಗೆ ಸೀಳಿದರೆ ಒಳಗೆ ಕೂದಲೆಳೆಯಂತಹ ಶಲಾಕೆಯು ಕಾಣುವುದು. ಅಂಡಾಶಯವು ಕೊಳವೆಯ ಬುಡದಲ್ಲಿ, ಎಲೆಯ ಸಂದಿನಲ್ಲಿಯೇ ಅಡಗಿರುತ್ತದೆ.

ಆ ದಿನವೇ ಹೂವು ಬಾಡುತ್ತದೆ. ಗರ್ಭಕಟ್ಟಿದ ಮೇಲೆ, ಅದುವರೆಗೆ ಇಲ್ಲದಿದ್ದ ಒಂದು ಕಾವು ಅಂಡಾಶಯದ ಬುಡದಿಂದ ಬೆಳೆಯತೊಡಗಿ, ಅಂಡಾಶಯವನ್ನು ತನ್ನ ಚೂಪಾದ ತುದಿಯಲ್ಲಿಟ್ಟುಕೊಂಡು ನೆಲಕ್ಕೆ ಬಾಗಿ ಮಣ್ಣನ್ನು ಹೊಗುತ್ತದೆ. ಕತ್ತಲೆಯೊಳಗೆ ಸೇರಿದ ಬಳಿಕ ತುದಿಯು ಅಡ್ಡಲಾಗಿ ತಿರುಗಿ ಕಾಯಿಯಾಗುತ್ತದೆ. ಇದು ಬೇರಿನಂತೆ ಕಂಡರೂ ಬೇರಲ್ಲ. ಇದರ ನಾಮವು ಗೈನೋಫೋರ್. ಗ್ರೀಕ್ ಭಾಷೆಯಲ್ಲಿ ಸ್ತ್ರೀಯನ್ನು ಹೊರುವುದೆಂದು ಅರ್ಥ. ಗಿಡದ ಮೇಲ್ಭಾಗದ ಹೂಗಳ ಕಾವು ನೆಲವನ್ನು ಮುಟ್ಟಲಾರದೆ ಒಣಗುವುದು, ಅದರಲ್ಲಿ ಕಾಯಿಯಾಗುವುದಿಲ್ಲ.

ಇದು ಕೇವಲ ಹೆಸರಿನ ಜಗಳವೆಂದು ತಿಳಿಯಲಾಗದು. ಕಾವು ಮಣ್ಣಿಗೆ ಇಳಿದ ಮೇಲೆ ಸಾಲುಗಳ ನಡುವೆ ಕುಂಟೆ ಹೊಡೆದರೆ ಅದು ಕಡಿದುಹೋಗುತ್ತದೆ. ಆದುದರಿಂದ ಕಳೆ ತೆಗೆಯುವುದೂ ಮಣ್ಣೇರಿಸುವುದೂ ಅದಕ್ಕೆ ಮುಂಚೆಯೇ ಮುಗಿಯಬೇಕು. ಇನ್ನೊಂದು ಸಂಗತಿ. ಕಾಳು ತುಂಬಲು ಬೇಕಾದ ಸುಣ್ಣದ ಅಂಶವು ಬೇರಿನಿಂದ ಕಾಯಿಗೆ ಸಾಕಷ್ಟು ಬರುವುದಿಲ್ಲ. ಮಣ್ಣಿನೊಳಗಿನ ಕಾವೂ ಎಳೆಗಾಯಿಯೂ ಸುತ್ತಲಿನ ಮಣ್ಣಿನಿಂದ ಅದನ್ನು ತಾವೇ ಹೀರಬೇಕು. ಹೂ ಬಿಟ್ಟು ಕಾವು ಇಳಿಯುವ ಕಾಲದಲ್ಲಿ ಗಿಡದ ಬುಡಕ್ಕೆ ಜಿಪ್ಸಂ ಹಾಕುವುದು ಇದೇ ಕಾರಣದಿಂದ. ಹಾಕದಿದ್ದರೆ, ಸುಣ್ಣ ಕಡಿಮೆಯಾದ ನೆಲದಲ್ಲಿ ಸಿಪ್ಪೆ ದೊಡ್ಡದಾಗಿ ಒಳಗೆ ಜೊಳ್ಳಾಗುವುದು. ಅವಯವವನ್ನು ಬೇರೆಂದು ತಿಳಿದವಳಿಗೆ ಈ ಕಾರಣವು ಹೊಳೆಯಲಾರದು.

ಪ್ರಾಣಿಗಳಲ್ಲಿಯೂ ಈ ನಾಮಗಳೇ ಬರುತ್ತವೆ. ಆದರೆ ಅಲ್ಲಿ ಅವು ಹೋಲಿಕೆಯಿಂದ ಬಂದ ಎರವಲು ಮಾತ್ರ. ಕಣಜದ ಹುಳುವಿನ ಸಣ್ಣ ನಡುವಿಗೆ ಪೆಟಿಯೋಲ್ ಎಂದೇ ಹೆಸರು. ಇರುವೆಯ ನಡುವಿನಲ್ಲಿಯೂ ಇದುಂಟು: ಕೆಲವು ಜಾತಿಗಳಿಗೆ ಒಂದು ಗಂಟು, ಕೆಲವಕ್ಕೆ ಎರಡು. ಗಂಗಾವತಿಯ ಕಡೆಯ ಭತ್ತದ ಗದ್ದೆಗಳ ಏಡಿಗೆ ಕಣ್ಣುಗಳು ಗಟ್ಟಿಯಾದ ಕಾವುಗಳ ಮೇಲಿವೆ. ಅಪಾಯ ಕಂಡರೆ ಅವನ್ನು ಮಡಚಿ ಗುಳಿಯಲ್ಲಿ ಇಟ್ಟುಕೊಳ್ಳುತ್ತದೆ. ಮಳೆಗಾಲದ ಬಸವನಹುಳುವಿನ ಕಣ್ಣೂ ಉದ್ದವಾದ ಕೋಡಿನ ತುದಿಯಲ್ಲಿದೆ. ಆದರೆ ಅದು ಮೆತ್ತಗಿರುವುದರಿಂದ ಕೈಗವಸಿನ ಬೆರಳನ್ನು ಒಳಮಗುಚಿದಂತೆ ಒಳಕ್ಕೆ ಎಳೆದುಕೊಳ್ಳುತ್ತದೆ. ಎರಡರ ಕೆಲಸವೂ ಒಂದೇ, ರಚನೆ ಬೇರೆ. ಸಿಗಡಿಯ ಕಣ್ಣಿನ ಕಾವಿನಲ್ಲಿ, ಪೊರೆ ಕಳಚುವುದನ್ನೂ ಮೊಟ್ಟೆ ಬಲಿಯುವುದನ್ನೂ ತಡೆಹಿಡಿಯುವ ರಸವನ್ನು ಸ್ರವಿಸುವ ಗ್ರಂಥಿಯೂ ಇದೆ.

ಇನ್ನು ಒಂದು ತೊಟ್ಟು ಉಳಿದಿದೆ. ಅವರೆಕಾಯಿಯನ್ನು ಸುಲಿಯುವಾಗ ಕಾಳನ್ನು ಸಿಪ್ಪೆಗೆ ಹಿಡಿದಿರುವ ಗಿಡ್ಡವಾದ ದಾರವನ್ನು ಕಾಣುವಿರಿ. ಗಿಡದ ಆಹಾರವೆಲ್ಲವೂ ಇದರ ಮೂಲಕವೇ ಕಾಳಿಗೆ ಬರುತ್ತದೆ. ಇದಕ್ಕೆ ಫ್ಯೂನಿಕಲ್ ಎಂದು ಹೆಸರು; ಲ್ಯಾಟಿನ್ನಿನಲ್ಲಿ ಚಿಕ್ಕ ಹಗ್ಗವೆಂದರ್ಥ. ತಾಯಿಯ ಗರ್ಭದಲ್ಲಿ ಶಿಶುವಿಗಿರುವ ಹೊಕ್ಕುಳಬಳ್ಳಿಗೂ ವೈದ್ಯರು ಲ್ಯಾಟಿನ್ನಿನಲ್ಲಿ ಇದೇ ಶಬ್ದವನ್ನು ಬಳಸಿದ್ದಾರೆ. ಅವರು ಹಗ್ಗವೆಂದುದನ್ನು ನಮ್ಮ ಹಿರಿಯರು ಬಳ್ಳಿಯೆಂದರು.