ಮೊದಲು ನೀರನ್ನು ಓದು

ನೀನು ಲೇಸರ್ ಲ್ಯಾಬಿಗೆ ಸೇರಿದ ಸುದ್ದಿ ಕೇಳಿ ಮನಸ್ಸು ತುಂಬಿತು, ಮಗಳೇ. ಅವಕೆಂಪು ಬೆಳಕಿನಲ್ಲಿ ಪ್ರೋಟೀನನ್ನು ನೋಡುತ್ತಲೇ ತಲೆ ನರೆತವನು ನಾನು. ನಿನಗೆ ಹೇಳುವುದು ಒಂದೇ ಮಾತು: ಪ್ರೋಟೀನಿಗಿಂತ ಮೊದಲು ನೀರನ್ನು ಓದು.

ಪ್ರೋಟೀನ್ ಸರಪಳಿಯುದ್ದಕ್ಕೂ ಇಂಗಾಲ-ಆಮ್ಲಜನಕದ ಜೋಡಿಗಳು ಮಿಡಿಯುತ್ತಿರುತ್ತವೆ. ಆ ಮಿಡಿತ ಸೆಂಟಿಮೀಟರಿಗೆ 1600ರಿಂದ 1700 ತರಂಗಗಳಿರುವ ಬೆಳಕನ್ನು ಹೀರುತ್ತದೆ. ಅದನ್ನೇ ಅಮೈಡ್-1 ಪಟ್ಟಿ ಎನ್ನುವುದು. ಸರಪಳಿ ಸುರುಳಿ ಸುತ್ತಿದ್ದರೆ ಪೀಕ್ 1655ರ ಆಸುಪಾಸು, ಹಾಳೆಯಂತೆ ಜೋಡಿಸಿಕೊಂಡಿದ್ದರೆ 1630ರ ಬಳಿ. ಆದರೆ ನೀರಿನ ಅಣು ಬಾಗುವ ಮಿಡಿತವೂ 1645ರಲ್ಲೇ ಕೂತಿದೆ. ಜಾತ್ರೆಯ ಗದ್ದಲದಲ್ಲಿ ನಮ್ಮ ಮಗುವಿನ ದನಿ ಹುಡುಕಿದ ಹಾಗೆ ಈ ಕೆಲಸ.

ಅದಕ್ಕೇ ನಾವು ದ್ರಾವಣವನ್ನು 10 ಮೈಕ್ರೋಮೀಟರಿಗಿಂತ ತೆಳುವಾಗಿ ಇಡುತ್ತಿದ್ದೆವು. ಇಲ್ಲವೇ ಭಾರಜಲ ಬಳಸುತ್ತಿದ್ದೆವು. ಭಾರಜಲದಲ್ಲಿ ಪ್ರೋಟೀನಿನ ಹೈಡ್ರೋಜನ್ನುಗಳು ಮೆಲ್ಲಗೆ ಬದಲಾಗುತ್ತವೆ, ಪೀಕೂ ತುಸು ಕೆಳಗೆ ಸರಿಯುತ್ತದೆ. ಎಷ್ಟು ಹೊತ್ತು ಕಾದೆ ಎಂಬುದನ್ನು ತಪ್ಪದೆ ಬರೆದಿಡು. 1994ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಕ್ವಾಂಟಂ ಕ್ಯಾಸ್ಕೇಡ್ ಲೇಸರ್ ಈಗ ನಿನ್ನ ಕೈಯಲ್ಲಿದೆ. ಅದರ ಪ್ರಖರ ಬೆಳಕು ಇನ್ನೂ ದಪ್ಪನೆಯ ನೀರಿನ ಪದರವನ್ನೂ ದಾಟಿ ಬರುತ್ತದೆ. ದಾಟಿ ಬಂದರೂ ನೀರಿನ ಲೆಕ್ಕ ತೀರಿಸುವುದು ನಿನ್ನ ಪಾಲಿನ ಕೆಲಸ.

ನೀರಿನ ಪಾಲನ್ನು ಕಳೆಯಲು, ಪ್ರೋಟೀನಿಲ್ಲದ ಬರೀ ಬಫರ್ ದ್ರಾವಣದ ಅಳತೆಯನ್ನು ಅದೇ ಸೆಲ್‌ನಲ್ಲಿ, ಅದೇ ಉಷ್ಣಾಂಶದಲ್ಲಿ ತೆಗೆ. ಒಂದೆರಡು ಡಿಗ್ರಿ ಹೆಚ್ಚುಕಡಿಮೆಯಾದರೂ ನೀರಿನ ಪಟ್ಟಿ ಜರುಗಿ ಕಳೆಯುವ ಲೆಕ್ಕ ಕೆಡುತ್ತದೆ. ಬೆಳಕಿನ ದಾರಿಗೆ ಒಣಗಾಳಿ ಹಾಯಿಸು, ನೀರಾವಿಯ ಚೂಪು ಗೆರೆಗಳು ಇದೇ ಜಾಗದಲ್ಲಿ ಏಳುತ್ತವೆ. ಈ ಲೇಸರ್ ಕಣ್ಣಿಗೆ ಕಾಣುವುದಿಲ್ಲ, ಕಣ್ಣನ್ನು ಸುಡಬಲ್ಲದು. ಅದಕ್ಕೆ ತಕ್ಕ ಕನ್ನಡಕವಿಲ್ಲದೆ ಒಳಗೆ ಕಾಲಿಡಬೇಡ.

ನಾನು ಎಡವಿದ್ದನ್ನೂ ಹೇಳುತ್ತೇನೆ. ಒಮ್ಮೆ ಕೃತಕ ಪೆಪ್ಟೈಡಿನಲ್ಲಿ 1673ರ ಬಳಿ ಅಂದವಾದ ಪೀಕ್ ಕಂಡು, ಹೊಸ ಆಕಾರವೇ ಸಿಕ್ಕಿತೆಂದು ವಾರಗಟ್ಟಲೆ ಬೆನ್ನುಹತ್ತಿದೆ. ಅದು ಪೆಪ್ಟೈಡನ್ನು ಶುದ್ಧಗೊಳಿಸುವಾಗ ಉಳಿದಿದ್ದ ಟ್ರೈಫ್ಲೂರೋಅಸಿಟಿಕ್ ಆಮ್ಲದ್ದು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ. ಬರೀ ದ್ರಾವಣವನ್ನು, ಕಲ್ಮಶಗಳನ್ನು ಮೊದಲೇ ಅಳೆದಿದ್ದರೆ ಆ ವಾರಗಳು ಉಳಿಯುತ್ತಿದ್ದವು.

ಆದ್ದರಿಂದ ಮೊದಲ ವಾರ ಪ್ರೋಟೀನಿನ ಸೀಸೆ ಫ್ರಿಜ್‌ನಲ್ಲೇ ಇರಲಿ. ಬರೀ ನೀರನ್ನು ಬೆಳಿಗ್ಗೆ ಅಳೆ, ಸಂಜೆ ಅಳೆ, ಬಿಸಿ ಮಾಡಿ ಅಳೆ. ನೀರಿನ ಒಂದು ಅಳತೆಯಿಂದ ಇನ್ನೊಂದನ್ನು ಕಳೆದಾಗ ಗೆರೆ ಸಪಾಟಾಗಿ ಮಲಗಿದ ದಿನ ಸೀಸೆ ಹೊರಗೆ ತೆಗೆ. ಆಮೇಲೆ ಏಳುವ ಪೀಕನ್ನು ನೀನು ಧೈರ್ಯವಾಗಿ ನಂಬಬಹುದು.