ಹಸಿ ಸೇಬಿಗೆ ಬಾಯಿ ತುರಿಸಿದರೆ

ಬರ್ಚ್ ಮರದ ಪರಾಗ ಒಗ್ಗದ ಅನೇಕರಿಗೆ ಹಸಿ ಸೇಬು ಕಚ್ಚಿದ ಕೆಲವೇ ನಿಮಿಷಗಳಲ್ಲಿ ತುಟಿ, ನಾಲಿಗೆ, ಅಂಗುಳ ತುರಿಸತೊಡಗುತ್ತವೆ. ಗಂಟಲು ಕೆರೆಯುತ್ತದೆ, ಕೆಲವರಿಗೆ ಕಿವಿಯೊಳಗೂ ನವೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಎಲ್ಲ ಇಳಿಯುತ್ತದೆ. ಪರಾಗದ ಪ್ರೋಟೀನನ್ನು ಶತ್ರುವೆಂದು ಗುರುತಿಟ್ಟುಕೊಂಡ ದೇಹ, ಅದನ್ನೇ ಹೋಲುವ ಸೇಬಿನ ಪ್ರೋಟೀನ್ ಮೇಲೂ ಹರಿಹಾಯುತ್ತದೆ. ಕಾವು ತಗುಲಿದರೆ ಆ ಪ್ರೋಟೀನಿನ ಆಕಾರ ಕೆಡುವುದರಿಂದ ಬೇಯಿಸಿದ ಸೇಬು, ಜಾಮ್ ಬಹುತೇಕರಿಗೆ ಏನೂ ಮಾಡುವುದಿಲ್ಲ.

ಬರ್ಚ್ ಉತ್ತರ ಯುರೋಪ್, ಉತ್ತರ ಅಮೆರಿಕದ ಮರ. ವಸಂತದಲ್ಲಿ ಪರಾಗ ಉದುರಿಸುತ್ತದೆ. ಸ್ವೀಡನ್ನಿಗೋ ಜರ್ಮನಿಗೋ ಹೋಗಿ ನೆಲೆಸಿದವರಿಗೆ ಕೆಲವು ವಸಂತ ಕಳೆದ ಮೇಲೆ ಈ ತೊಂದರೆ ಶುರುವಾಗಬಹುದು. ಪಿಯರ್, ಚೆರ್ರಿ, ಪೀಚ್, ಕ್ಯಾರೆಟ್, ಸೆಲರಿ, ಹೇಜಲ್‌ನಟ್ ಸೇಬಿನಂತೆಯೇ ತುರಿಸುವ ಗುಂಪಿನವು. ನಮ್ಮ ಹಲಸಿನ ಹಣ್ಣೂ ಇದಕ್ಕೆ ಸೇರಿದೆ ಎಂಬುದು ಅಚ್ಚರಿಯ ಸಂಗತಿ. ರ‍್ಯಾಗ್‌ವೀಡ್ ಕಳೆಯ ಪರಾಗ ಒಗ್ಗದವರಿಗಾದರೆ ಕರಬೂಜ, ಕಲ್ಲಂಗಡಿ, ಸೌತೆ, ಬಾಳೆಹಣ್ಣು ತುರಿಕೆ ತರುತ್ತವೆ.

ಮೊದಲು ಮಾಡಬೇಕಾದ್ದು, ಇದು ಬೇರೆ ತುರಿಕೆಯಲ್ಲವೆಂದು ಖಚಿತಪಡಿಸಿಕೊಳ್ಳುವುದು. ಸರಿಯಾಗಿ ಬೇಯದ ಕೆಸು, ಸುವರ್ಣಗೆಡ್ಡೆ ಯಾರ ಬಾಯನ್ನಾದರೂ ತುರಿಸುತ್ತವೆ; ಅದು ಅವುಗಳಲ್ಲಿರುವ ಸೂಜಿಯಂಥ ಹರಳುಗಳ ಕೆಲಸ, ಅಲರ್ಜಿಯಲ್ಲ. ಯಾವ ಹಣ್ಣು, ಹಸಿಯೋ ಬೆಂದದ್ದೋ, ಎಷ್ಟು ಹೊತ್ತಿಗೆ ತುರಿಸಿತು, ಆಗ ಸೀನು, ಕಣ್ಣುರಿ ಇತ್ತೇ ಎಂದು ಬರೆದಿಟ್ಟರೆ ವೈದ್ಯರಿಗೆ ಅರ್ಧ ಉತ್ತರ ಸಿಕ್ಕಂತೆ. ಚರ್ಮದ ಚುಚ್ಚು ಪರೀಕ್ಷೆಗೆ ಹೋಗುವಾಗ ಆ ಹಣ್ಣನ್ನೇ ಒಯ್ಯಬೇಕೇ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ಸಿದ್ಧ ದ್ರಾವಣಗಳಲ್ಲಿ ಈ ನಾಜೂಕು ಪ್ರೋಟೀನ್ ಉಳಿಯದೆ ಪರೀಕ್ಷೆ ಸುಳ್ಳು ಹೇಳುವುದುಂಟು.

ತೊಂದರೆ ಬಾಯಿಗಷ್ಟೇ ಸೀಮಿತವಾಗಿದ್ದರೆ ಹಣ್ಣನ್ನು ಬೇಯಿಸಿ ತಿನ್ನಬಹುದು. ಸಿಪ್ಪೆ ಹೆರೆದರೆ ಕೆಲವರಿಗೆ ಸಾಕು, ಎಲ್ಲರಿಗೂ ಅಲ್ಲ. ತಳಿಯೂ ಮುಖ್ಯ: ಗೋಲ್ಡನ್ ಡಿಲಿಷಸ್ ಹೆಚ್ಚು ಕಾಡುತ್ತದೆ, ಸಾಂಟಾನಾ ಎಂಬ ತಳಿ ಕಡಿಮೆ. ಆದರೆ ಸೆಲರಿ ಬೆಂದರೂ, ಹೇಜಲ್‌ನಟ್‌ನಂಥ ಬೀಜಗಳು ಹುರಿದರೂ ನಂಬುವಂತಿಲ್ಲ. ಸೋಯಾ ಹಾಲನ್ನು ಒಮ್ಮೆಗೇ ಲೋಟಗಟ್ಟಲೆ ಕುಡಿದು ತೀವ್ರ ತೊಂದರೆಗೊಳಗಾದ ಬರ್ಚ್ ಅಲರ್ಜಿಯವರಿದ್ದಾರೆ.

ತುರಿಕೆ ಎದ್ದ ಕೂಡಲೇ ಉಗಿದು ಬಾಯಿ ಮುಕ್ಕಳಿಸಬೇಕು. ಗಂಟಲು ಬಿಗಿತ, ಉಸಿರಾಟದ ತೊಂದರೆ, ವಾಂತಿ, ಮೈಯೆಲ್ಲ ದದ್ದು, ತಲೆಸುತ್ತು ಕಂಡರೆ ಅಲರ್ಜಿ ಮಾತ್ರೆ ನುಂಗಿ ಕಾಯುವ ಹೊತ್ತಲ್ಲ. ಅದಕ್ಕೆ ಮದ್ದು ಅಡ್ರಿನಲಿನ್ ಚುಚ್ಚುಮದ್ದು. ಕರೆ ಮಾಡಬೇಕಾದ ಸಂಖ್ಯೆ ಕರ್ನಾಟಕದಲ್ಲಿ 108, ಯುರೋಪ್ ಒಕ್ಕೂಟದಲ್ಲಿ 112, ಅಮೆರಿಕದಲ್ಲಿ 911.